ಗೆಳೆಯನಿಗೊಂದು ಪತ್ರ: ಡ್ರಿಲ್ ಹಿಡಿದಾಗ ಹಾಡು ಬೇಕಾ?

ಗೆಳೆಯಾ,

ಪುಸ್ತಕದ ಶೆಲ್ಫನ್ನು ನೀನೇ ಮಾಡುತ್ತೀಯಂತೆ, ಖುಷಿಯಾಯಿತು. ಪ್ಲೈವುಡ್ ಯಾವುದು ತರಲಿ, ಸ್ಕ್ರೂ ಎಷ್ಟು ಉದ್ದ ಇರಬೇಕು ಅಂತೆಲ್ಲ ಕೇಳುತ್ತೀಯ ಅಂದುಕೊಂಡಿದ್ದೆ. ನೀನು ಕೇಳಿದ್ದು ಒಂದೇ ಪ್ರಶ್ನೆ: ಕೆಲಸ ಮಾಡುತ್ತಾ ಹಾಡು ಕೇಳುವುದಕ್ಕೆ ಯಾವ ಹೆಡ್‌ಫೋನ್ ಒಳ್ಳೆಯದು? ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಪ್ರಶ್ನೆ ಅಷ್ಟೇನೂ ತಮಾಷೆಯದಲ್ಲ. ಶೆಲ್ಫ್ ಹೇಗೆ ಮಾಡಬೇಕು ಅಂತ ಹೇಳಿಕೊಡುವವರು ಎಲ್ಲೆಲ್ಲೂ ಸಿಗುತ್ತಾರೆ. ಯಾವಾಗ ಹಾಡು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳುವವರು ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡು. ಬೆಳಿಗ್ಗೆ ಹಾಡು ಹಚ್ಚಿ ಸಂಜೆಯವರೆಗೆ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಉಜ್ಜುವುದು, ಬಣ್ಣ ಬಳಿಯುವುದು, ಸಾಲಾಗಿ ಸ್ಕ್ರೂ ಬಿಗಿಯುವುದು ಇಂಥವಕ್ಕೆ ಹಾಡು ಬೇಕೇ ಬೇಕು. ಅಳತೆ ತೆಗೆಯುವಾಗ ಬೇಡ. ಮಷಿನ್ ಓಡುವಾಗಲೂ ಬೇಡ. ಈ ಎರಡಕ್ಕೂ ಕಾರಣ ಬೇರೆ ಬೇರೆ.

ಅಳತೆಯಿಂದ ಶುರು ಮಾಡೋಣ. ಗೋಡೆಯ ಹತ್ತಿರ ಟೇಪು ಹಿಡಿದು 734 ಮಿಲಿಮೀಟರ್ ಅಂತ ಓದಿಕೊಳ್ಳುತ್ತೀಯ. ಹಲಗೆ ಇರುವುದು ಕೋಣೆಯ ಆ ತುದಿಯಲ್ಲಿ. ಏಳುನೂರ ಮೂವತ್ತನಾಲ್ಕು, ಏಳುನೂರ ಮೂವತ್ತನಾಲ್ಕು ಅಂತ ಒಳಗೊಳಗೇ ಹೇಳಿಕೊಂಡು ನಡೆಯುತ್ತೀಯ. ಅಷ್ಟರಲ್ಲಿ ಹಾಡಿನ ಪಲ್ಲವಿ ಬರುತ್ತದೆ. ನಿನಗೆ ಬಾಯಿಪಾಠ ಇರುವ ಪಲ್ಲವಿ. ಹಲಗೆ ಮುಟ್ಟುವ ಹೊತ್ತಿಗೆ ಸಂಖ್ಯೆ 743 ಆಗಿರುತ್ತದೆ. ಒಂಬತ್ತು ಮಿಲಿಮೀಟರ್ ಜಾಸ್ತಿ ಆದರೆ ಮತ್ತೆ ಕತ್ತರಿಸಬಹುದು. ಕಡಿಮೆ ಆದರೆ ಹಲಗೆ ಹೋಯಿತು, ಅಷ್ಟೇ.

ಇದು ನಿನ್ನ ತಲೆಯ ದೋಷ ಅಲ್ಲ. ಪಿಯರ್ ಸಲಾಮೆ ಮತ್ತು ಆಲನ್ ಬ್ಯಾಡ್ಲಿ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಪರದೆಯ ಮೇಲೆ ಅಂಕಿಗಳನ್ನು ಒಂದೊಂದಾಗಿ ತೋರಿಸುವುದು, ಅದೇ ಕ್ರಮದಲ್ಲಿ ವಾಪಸ್ ಹೇಳಿಸುವುದು. ಪಕ್ಕದಲ್ಲಿ ಮಾತು ಕೇಳಿಸುತ್ತಿದ್ದರೆ ಜನ ಜಾಸ್ತಿ ತಪ್ಪುತ್ತಿದ್ದರು. ಅದಕ್ಕೆ ಗಮನ ಕೊಡಬೇಡಿ ಅಂತ ಹೇಳಿದ್ದರೂ ತಪ್ಪುತ್ತಿದ್ದರು. ಅರ್ಥವೇ ಇಲ್ಲದ ಪದಗಳನ್ನು ಕೇಳಿಸಿದರೂ ಅದೇ ಕಥೆ. 1989ರಲ್ಲಿ ಸಂಗೀತ ಇಟ್ಟು ನೋಡಿದಾಗ, ಬರೀ ವಾದ್ಯಕ್ಕಿಂತ ಹಾಡುಗಾರಿಕೆಯೇ ಹೆಚ್ಚು ತೊಂದರೆ ಕೊಟ್ಟಿತು. ಅಂಕಿಗಳನ್ನು ನಾವು ನೆನಪಿಡುವುದು ಒಳಗಿನ ದನಿಯಲ್ಲಿ ಹೇಳಿಕೊಂಡು. ಹೊರಗಿನ ದನಿ ಬಂದು ಅದೇ ಜಾಗಕ್ಕೆ ಕೈ ಹಾಕುತ್ತದೆ. ಹಾಗಾಗಿ ನನಗೆ ಅರ್ಥವಾಗದ ಭಾಷೆಯ ಹಾಡು ಹಾಕಿಕೊಳ್ಳುತ್ತೇನೆ ಅನ್ನುವ ಜಾಣತನವೂ ಪೂರ್ತಿ ನಡೆಯುವುದಿಲ್ಲ.

ಪರಿಹಾರ ಸುಲಭ. ಅಳತೆ ಮುಗಿಯುವವರೆಗೆ ಹಾಡು ನಿಲ್ಲಿಸು. ಆಗುವುದೇ ಇಲ್ಲ ಅಂದರೆ ಕೈಯಲ್ಲಿ ಪೆನ್ಸಿಲ್ ಇರಲಿ, ಸಂಖ್ಯೆಯನ್ನು ಆ ಕ್ಷಣವೇ ಬೇಡದ ಹಲಗೆ ಚೂರಿನ ಮೇಲೆ ಬರೆದುಕೋ. ಇನ್ನೂ ಒಳ್ಳೆಯದು ಸಂಖ್ಯೆಯ ಗೊಡವೆಯನ್ನೇ ಬಿಡುವುದು. ಸಾಧ್ಯವಾದ ಕಡೆ ಹಲಗೆಯನ್ನೇ ಒಯ್ದು ಜಾಗಕ್ಕೆ ಹಿಡಿದು ಗುರುತು ಹಾಕು. ಹಳೇ ಬಡಗಿಗಳು ಮರದ ಪಟ್ಟಿಯೊಂದಕ್ಕೆ ಗೀಟು ಎಳೆದು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ರೇಡಿಯೋ ಎಷ್ಟು ಕೂಗಿದರೂ ಅಳತೆ ಕೆಡುವುದಿಲ್ಲ.

ಇನ್ನು ಮಷಿನ್ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೋ.

ಕೆಲಸ ಸರಿಯಾಗಿ ಆಗುತ್ತಿದೆಯಾ ಅನ್ನುವುದು ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮೊಳೆ ಹೊಡೆಯುವುದನ್ನೇ ತಗೋ. ಮೊಳೆ ಇಳಿದಷ್ಟೂ ಹೊರಗೆ ಉಳಿಯುವ ಉದ್ದ ಕಡಿಮೆಯಾಗುತ್ತದೆ, ಸದ್ದಿನ ಸ್ಥಾಯಿ ಏರುತ್ತಾ ಹೋಗುತ್ತದೆ. ತಲೆ ಮರಕ್ಕೆ ಕೂತ ತಕ್ಷಣ ಒಮ್ಮೆಲೇ ಮಂದ ಸದ್ದು. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಏಟು ಹಾಕಿದರೆ ಮರದ ಮೇಲೆ ಸುತ್ತಿಗೆಯ ಗುಂಡನೆ ಗುರುತು ಉಳಿಯುತ್ತದೆ.

ಗೋಡೆ ಕೊರೆಯುವಾಗ ಇನ್ನೂ ಸ್ಪಷ್ಟ. ಗಿಲಾಯಿ ದಾಟಿ ಇಟ್ಟಿಗೆಗೆ ಬಿದ್ದಾಗ ಡ್ರಿಲ್ಲಿನ ಸದ್ದು ಬದಲಾಗುತ್ತದೆ. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಸಿಕ್ಕಿತೋ, ಕಿರ್ ಅಂತ ಚೂಪಾದ ಲೋಹದ ಸದ್ದು ಬರುತ್ತದೆ, ಬಿಟ್ (ಡ್ರಿಲ್ಲಿಗೆ ಹಾಕುವ ಕೊರೆಯುವ ಕಡ್ಡಿ) ಮುಂದೆ ಹೋಗುವುದಿಲ್ಲ. ಕಾಂಕ್ರೀಟ್ ಬಿಟ್‌ಗೆ ಸರಳು ಕೊರೆಯುವ ಯೋಗ್ಯತೆ ಇಲ್ಲ, ಒತ್ತಿದರೆ ಅದರ ತುದಿ ಸುಟ್ಟುಹೋಗುತ್ತದೆ. ಹಾಡು ಜೋರಾಗಿದ್ದರೆ ನೀನು ಒತ್ತುತ್ತಲೇ ಇರುತ್ತೀಯ. ಮರ ಕೊರೆಯುವಾಗ ಹೊಟ್ಟು ತುಂಬಿಕೊಂಡರೆ ಬಿಟ್ ಕೀರಲು ಶುರು ಮಾಡುತ್ತದೆ. ಹೊರಗೆ ಎಳೆದು ಹೊಟ್ಟು ಬೀಳಿಸಿ ಮತ್ತೆ ಹೋಗಬೇಕು ಅಂತ ಅರ್ಥ. ಇದೂ ಸದ್ದಿನಲ್ಲೇ ತಿಳಿಯುವುದು, ಆಮೇಲೆ ಸುಟ್ಟ ವಾಸನೆಯಲ್ಲಿ.

ಕರೆಂಟಿನ ಗರಗಸವಂತೂ ಪೂರ್ತಿ ಕಿವಿಯ ಕೆಲಸ. ಖಾಲಿ ಓಡುವಾಗ ಅದಕ್ಕೊಂದು ಶ್ರುತಿ ಇರುತ್ತದೆ. ಹಲಗೆಗೆ ಇಳಿದಾಗ ಶ್ರುತಿ ಸ್ವಲ್ಪ ಇಳಿಯುತ್ತದೆ. ಅದು ಇನ್ನೂ ಇಳಿಯುತ್ತಾ ನರಳಿದರೆ ನೀನು ಅವಸರ ಮಾಡುತ್ತಿದ್ದೀಯ, ಇಲ್ಲವೇ ಹಲಗೆ ಬಗ್ಗಿ ಬ್ಲೇಡನ್ನು ಹಿಡಿದುಕೊಳ್ಳುತ್ತಿದೆ. ಬ್ಲೇಡ್ ಸಿಕ್ಕಿಕೊಂಡರೆ ಇಡೀ ಮಷಿನ್ ನಿನ್ನ ಕಡೆಗೆ ಚಿಮ್ಮಬಹುದು. ಆ ನರಳಾಟ ಕೇಳಿದ ಕೂಡಲೇ ಸ್ವಿಚ್ಚಿನಿಂದ ಕೈ ತೆಗೆದರೆ ಬಚಾವ್. ಅಂಥ ಹೊತ್ತಿನಲ್ಲಿ ಕಿವಿಯೊಳಗೆ ಮೃದಂಗದ ತನಿ ಆವರ್ತನ ನಡೆಯುತ್ತಿದ್ದರೆ ಏನು ಗತಿ ಹೇಳು. ತನಿ ಎಷ್ಟೇ ಚೆನ್ನಾಗಿರಲಿ.

ಕಿವಿಯ ಆರೋಗ್ಯದ ಲೆಕ್ಕವೂ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್, ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಅನ್ನುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಕರೆಂಟಿನ ಗರಗಸ, ಕಬ್ಬಿಣ ಉಜ್ಜುವ ಗ್ರೈಂಡರ್ ಎಲ್ಲ ಈ ನೂರರ ಆಸುಪಾಸಿನವು. ಅದರ ಮೇಲೆ ಹಾಡು ಕೇಳಿಸಬೇಕು ಅಂದರೆ ಹಾಡನ್ನು ಎಷ್ಟು ಏರಿಸಬೇಕು ನೀನೇ ಲೆಕ್ಕ ಹಾಕು. ಗರಗಸ ನಿಂತ ಮೇಲೂ ಆ ವಾಲ್ಯೂಮ್ ಅಲ್ಲೇ ಇರುತ್ತದೆ. ಇಳಿಸುವುದು ಯಾರಿಗೂ ನೆನಪಾಗುವುದಿಲ್ಲ.

ನೀನು ಕಣ್ಣಿಟ್ಟಿರುವ ಆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದಕ್ಕೆ ಉತ್ತರ ಅಲ್ಲ. ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ, ವಿಮಾನದ ಒಳಗಿನ ಸದ್ದಿನಂಥದ್ದನ್ನು. ಗ್ರೈಂಡರಿನ ಕಿರುಚಾಟ, ಸುತ್ತಿಗೆಯ ಹಠಾತ್ ಏಟು ಇವಕ್ಕೆ ಅದು ಅಷ್ಟಾಗಿ ಆಗುವುದಿಲ್ಲ. ಮಷಿನ್ ಕೆಲಸಕ್ಕೆ ಕಿವಿ ಮುಚ್ಚುವ ಇಯರ್ ಮಫ್ ತಗೋ, ಸುಮ್ನೆ ಸಾದಾ ಮಫ್. ಅದನ್ನು ಹಾಕಿಕೊಂಡರೂ ಮಷಿನ್ನಿನ ಶ್ರುತಿ ಏರಿಳಿಯುವುದು ತಿಳಿಯುತ್ತದೆ. ಬ್ಲೂಟೂತ್ ಇರುವ ಮಫ್‌ಗಳೂ ಬಂದಿವೆ. ಅವುಗಳಲ್ಲಿ ಹಲವಕ್ಕೆ ಹಾಡಿನ ಸದ್ದು 82 ಡೆಸಿಬೆಲ್ ದಾಟದ ಹಾಗೆ ಕಡಿವಾಣ ಇರುತ್ತದೆ. ಕಿವಿಗೆ ಪರವಾಗಿಲ್ಲ. ಗಮನಕ್ಕೆ? ಗರಗಸದ ಮುಂದೆ ನಾನಂತೂ ಒಪ್ಪುವುದಿಲ್ಲ. ಇನ್ನೊಂದು ಮಾತು, ವೈರ್ ಇರುವ ಇಯರ್‌ಫೋನ್ ಬೇಡವೇ ಬೇಡ. ನೇತಾಡುವ ವೈರು ತಿರುಗುವ ಡ್ರಿಲ್ಲಿಗೆ ಸುತ್ತಿಕೊಂಡರೆ ತಲೆ ಅದರ ಜೊತೆಗೇ ಹೋಗುತ್ತದೆ.

ಬರೀ ಬೇಡ ಬೇಡ ಅಂದೆ, ಅಲ್ವಾ? ಈಗ ಬೇಕು ಅನ್ನುವ ಕಡೆಗೆ ಬರೋಣ.

ಸ್ಯಾಂಡ್ ಪೇಪರ್ ಹಿಡಿದು ಉಜ್ಜುವ ಕೆಲಸ ಇದೆಯಲ್ಲ, ಅದನ್ನು ಹಾಡಿಲ್ಲದೆ ಮಾಡುವವರಿಗೆ ದೊಡ್ಡ ನಮಸ್ಕಾರ. 80 ನಂಬರಿನಿಂದ ಶುರು, ಆಮೇಲೆ 120, ಆಮೇಲೆ 180; ನಂಬರ್ ಏರಿದಷ್ಟೂ ಕಾಗದ ನಯ. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಬೇಸರ ಬಂದವರು 120 ಬಿಟ್ಟು ನೇರ 180ಕ್ಕೆ ಹಾರುತ್ತಾರೆ, ವಾರ್ನಿಷ್ ಹಚ್ಚಿದ ಮೇಲೆ ಹಳೆಯ ಗೀರುಗಳೆಲ್ಲ ಎದ್ದು ಕಾಣುತ್ತವೆ. ಹಾಡು ಕಾಯುವುದು ಈ ಬೇಸರವನ್ನೇ. ಮರಕ್ಕೆ ಅದರಿಂದ ಆಗುವ ನೇರ ಉಪಕಾರ ಏನೂ ಇಲ್ಲ, ನಿನ್ನನ್ನು ಮರದ ಹತ್ತಿರ ಇನ್ನಷ್ಟು ಹೊತ್ತು ಕೂರಿಸುತ್ತದೆ. ನಿಧಾನವಾಗಿ ಸಾಗುವ ಹಿಂದೂಸ್ತಾನಿ ಗಾಯನ, ವಿಳಂಬಿತ್ ಖಯಾಲ್ ಒಂದನ್ನು ಹಚ್ಚಿ ಕೂತುಬಿಡು. ರಾಗ ಅರಳುವಷ್ಟರಲ್ಲಿ ಒಂದು ಹಲಗೆ ನುಣುಪಾಗಿರುತ್ತದೆ.

ಲಯದ ಬಗ್ಗೆ ಮಾತ್ರ ಹುಷಾರು. ಕೈ ನಮಗೆ ಗೊತ್ತಿಲ್ಲದೆ ತಾಳಕ್ಕೆ ಬೀಳುತ್ತದೆ. ವಾರೆನ್ ಬ್ರಾಡ್ಸ್ಕಿ ಅನ್ನುವವರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರಿನ ಅಣಕು ಡ್ರೈವಿಂಗ್‌ನಲ್ಲಿ ಹಾಡಿನ ವೇಗ ಏರಿದ ಹಾಗೆ ಜನ ಕಾರಿನ ವೇಗವನ್ನೂ ಏರಿಸಿದರು, ಕೆಂಪು ದೀಪವನ್ನೂ ಜಾಸ್ತಿ ಸಲ ದಾಟಿದರು. ಬಣ್ಣದ ರೋಲರ್ ಹಿಡಿದವರ ಪಾಡೂ ಬೇರೆಯಲ್ಲ. ಕುಣಿಯುವ ಹಾಡು ಹಾಕಿ ರೋಲರ್ ಓಡಿಸಿದರೆ ಬಣ್ಣ ಗೋಡೆಗಿಂತ ಮುಖಕ್ಕೇ ಹೆಚ್ಚು ಹಾರುತ್ತದೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾಗೆ ನಿಮಿಷಕ್ಕೆ 40ರಿಂದ 60 ಎಳೆತ ಸಾಕು, ಅದಕ್ಕಿಂತ ಅವಸರ ಮಾಡಿದರೆ ಬ್ಲೇಡ್ ಕಾದು ಹಲ್ಲು ಸವೆಯುತ್ತದೆ. ನಿಮಿಷಕ್ಕೆ 120 ಏಟಿನ ಹಾಡಾದರೆ ಎರಡು ಏಟಿಗೊಂದು ಎಳೆತ ಹಾಕು, ಲೆಕ್ಕ ಸರಿಹೋಗುತ್ತದೆ.

ಇದೆಲ್ಲ ಕಾರ್ಖಾನೆಯವರಿಗೆ ಹಿಂದೆಯೇ ಗೊತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರ ಜೂನ್‌ನಲ್ಲಿ, ಬಿಬಿಸಿ ರೇಡಿಯೋ ಕಾರ್ಖಾನೆ ಕೆಲಸಗಾರರಿಗಾಗಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. 1967ರವರೆಗೆ ನಡೆಯಿತು. ಹಾಡಿನ ಸದ್ದು ಒಂದೇ ಮಟ್ಟದಲ್ಲಿ ಇರಬೇಕು, ಮೆಲ್ಲಗಾದರೆ ಯಂತ್ರದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಒಂದು ಹಾಡಿನಲ್ಲಿ ಚಪ್ಪಾಳೆಯ ಜಾಗ ಇತ್ತು. ಕೆಲಸಗಾರರು ಅಲ್ಲಿ ಸ್ಪಾನರ್ ಬಡಿಯತೊಡಗಿದರೆ ಕಷ್ಟ ಅಂತ ಅದನ್ನು ಕಾರ್ಯಕ್ರಮದಿಂದಲೇ ಕೈಬಿಟ್ಟರು. ಕೆಲಸದ ಜಾಗಗಳಿಗೆ ಹಿನ್ನೆಲೆ ಸಂಗೀತ ಒದಗಿಸುತ್ತಿದ್ದ ಅಮೆರಿಕದ ಮ್ಯೂಝ್ಯಾಕ್ ಕಂಪನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 15 ನಿಮಿಷ ಸಂಗೀತ, ಆಮೇಲೆ ಅಷ್ಟೇ ಹೊತ್ತು ಮೌನ. ದುಡಿಸಿಕೊಳ್ಳುವವರ ಲೆಕ್ಕಾಚಾರ ಅದು, ನನಗೆ ಇಷ್ಟ ಇಲ್ಲ. ಆದರೂ ನಡುವೆ ಮೌನ ಬೇಕು ಅನ್ನುವುದನ್ನು ಅವರು ಕಂಡುಕೊಂಡಿದ್ದರು.

ಹಾಡನ್ನು ಗಡಿಯಾರ ಮಾಡಿಕೊಳ್ಳುವುದು ನನಗೆ ಬಹಳ ಇಷ್ಟ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ಅನ್ನುವ ಹೆಚ್ಚು ಹೊತ್ತು ಓಡುವ ತಟ್ಟೆ ತಂದ ಮೇಲೆ ಒಂದು ಮಗ್ಗುಲಿಗೆ 20 ನಿಮಿಷ ದಾಟಿತು. ಹಾಡು ಅಂದರೆ ಮೂರು ನಾಲ್ಕು ನಿಮಿಷ ಅನ್ನುವ ರೂಢಿಯ ಹಿಂದೆ ಆ ಹಳೇ ತಟ್ಟೆ ಇದೆ. ಐದು ನಿಮಿಷದಲ್ಲಿ ಗಟ್ಟಿಯಾಗತೊಡಗುವ ಎಪಾಕ್ಸಿ ಅಂಟು ಕಲಸಿದರೆ ಒಂದು ಹಾಡು ಮುಗಿಯುವುದರೊಳಗೆ ಹಚ್ಚಿ ಜೋಡಿಸಿಬಿಡು, ಎರಡನೇ ಹಾಡಿನ ನಡುವೆ ಅದು ಗಟ್ಟಿಯಾಗತೊಡಗುತ್ತದೆ. ಮರದ ಬಿಳಿ ಗೋಂದು ಹಚ್ಚಿ ಕ್ಲಾಂಪ್ ಹಾಕಿದರೆ ಅರ್ಧ ಗಂಟೆಯಾದರೂ ಮುಟ್ಟಬಾರದು. ಒಂದು ಆಲ್ಬಂ ಪೂರ್ತಿ ಕೇಳು. ಆ ಅರ್ಧ ಗಂಟೆ ಬರೀ ಕೇಳುವುದಕ್ಕೇ ಮೀಸಲು, ಕೈಗೆ ಕೆಲಸವೇ ಇಲ್ಲ. ಗೋಡೆಗೆ ಬಣ್ಣ ಬಳಿಯುವಾಗ ಮಾತ್ರ ಈ ಗಡಿಯಾರ ನಂಬಬೇಡ. ಹಾಡು ಮುಗಿಯಿತು ಅಂತ ಗೋಡೆಯ ನಡುವೆ ನಿಲ್ಲಿಸಿದರೆ ಅಂಚು ಒಣಗಿ ಪಟ್ಟೆ ಮೂಡುತ್ತದೆ. ಮೂಲೆಯಿಂದ ಮೂಲೆಗೆ ಹೋಗಿಯೇ ಉಸಿರು ಬಿಡಬೇಕು.

ಏನು ಕೇಳಬೇಕು ಅನ್ನುವುದು ನಿನ್ನ ಇಷ್ಟ. ನನ್ನ ಸಲಹೆ ಇಷ್ಟೇ, ಗೊತ್ತಿರುವ ಹಾಡುಗಳನ್ನೇ ಹಾಕು. ಹೊಸ ಹಾಡು ಗಮನ ಕೇಳುತ್ತದೆ. ಪಾಡ್‌ಕಾಸ್ಟ್ ಇನ್ನೂ ಜಾಸ್ತಿ ಕೇಳುತ್ತದೆ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಮಾಡಿಡು. ಗೋಂದಿನ ಕೈಯಲ್ಲಿ ಫೋನ್ ಮುಟ್ಟಿ ಮುಂದಿನ ಹಾಡು ಹುಡುಕುವುದಕ್ಕಿಂತ ದರಿದ್ರ ಕೆಲಸ ಇನ್ನೊಂದಿಲ್ಲ.

ದುಡ್ಡು ಹಾಕುವುದಾದರೆ ಒಂದು ಸಣ್ಣ ಸ್ಪೀಕರ್‌ಗೆ ಹಾಕು. ಕಿವಿ ತೆರೆದಿರುತ್ತದೆ, ಯಾರಾದರೂ ಕರೆದರೆ ಕೇಳಿಸುತ್ತದೆ. ಡಬ್ಬಿಯ ಮೇಲೆ ಐಪಿ67 ಅಂತ ಇದೆಯಾ ನೋಡು, ಧೂಳು ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು ಅದು. 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಐಪಿಎಕ್ಸ್7 ಅಂತ ಇದ್ದರೆ ಧೂಳಿನ ಭರವಸೆ ಇಲ್ಲ. ನಮಗೆ ಬೇಕಿರುವುದು ಧೂಳಿನದ್ದೇ, ಮರದ ಹೊಟ್ಟು ಎಲ್ಲಿಗೆ ಬೇಕಾದರೂ ನುಗ್ಗುತ್ತದೆ.

ಹಲಗೆ ಕತ್ತರಿಸುವ ದಿನ ಹೇಳು, ಬರುತ್ತೇನೆ. ಉದ್ದ ಹಲಗೆಯ ಆ ತುದಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು, ಇಲ್ಲದಿದ್ದರೆ ಅದು ಬಗ್ಗಿ ಬ್ಲೇಡನ್ನು ಹಿಡಿಯುತ್ತದೆ. ಉಜ್ಜುವ ದಿನದ ಪಟ್ಟಿಯನ್ನೂ ಕಳಿಸು. ಅದರಲ್ಲಿ ನೀನು ಬೆಳಿಗ್ಗೆಯಿಂದ ಸಂಜೆಯವರೆಗೆ ಗುನುಗುವ ಆ ಒಂದು ಹಾಡು ಇದ್ದರೆ ಮಾತ್ರ ನನ್ನ ಇಯರ್ ಮಫ್ ತರುತ್ತೇನೆ.

ಇಂತಿ,
ನಿನ್ನ ಗೆಳೆಯ