ಮೂತ್ರಕೋಶದ ಕ್ಯಾನ್ಸರ್: ಮರುತಪಾಸಣೆ ಜಿಲ್ಲೆಯಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಮೂತ್ರದಲ್ಲಿ ರಕ್ತ ಕಂಡರೆ ಅದನ್ನು ಉಷ್ಣವೆಂದೋ ಕಲ್ಲೆಂದೋ ಭಾವಿಸಿ, ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವವರು ನಮ್ಮ ಕೋಲಾರದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ನೋವಿಲ್ಲದೆ ಕಾಣಿಸಿಕೊಂಡು ಕೆಲವೊಮ್ಮೆ ತಾನಾಗಿಯೇ ನಿಲ್ಲುವ ಈ ರಕ್ತಸ್ರಾವವೇ ಮೂತ್ರಕೋಶದ ಕ್ಯಾನ್ಸರಿನ ಅತಿ ಸಾಮಾನ್ಯ ಲಕ್ಷಣ. ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರಂತೂ ಇದನ್ನು ಕಡೆಗಣಿಸಲೇಬಾರದು. ಈ ಕಾಯಿಲೆಯ ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನವೇ ಕಾರಣ.

ಪತ್ತೆಯಾಗುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಗೆಡ್ಡೆ ಇನ್ನೂ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿದಿರುವುದಿಲ್ಲ. ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ದುರ್ಬೀನು ಹಾಕಿ ಅದನ್ನು ತೆಗೆಯುತ್ತಾರೆ. ಗೆಡ್ಡೆ ಮರಳುವ ಅಪಾಯ ಹೆಚ್ಚಿದ್ದರೆ ಕ್ಷಯದ ಲಸಿಕೆಯಾದ ಬಿಸಿಜಿಯನ್ನು ವಾರಕ್ಕೊಮ್ಮೆಯಂತೆ 6 ವಾರ ಮೂತ್ರಕೋಶದೊಳಗೆ ತುಂಬಿಸಿ, ಬಳಿಕ ನಡುನಡುವೆ ಬಿಡುವು ಕೊಟ್ಟು 1ರಿಂದ 3 ವರ್ಷದವರೆಗೆ ಮುಂದುವರಿಸುತ್ತಾರೆ. 1976ರಲ್ಲಿ ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನಕ್ಕೆ ಇಂದಿಗೂ ಮೊದಲ ಸ್ಥಾನವಿದೆ. ಈ ಹಂತದ ರೋಗಿಗಳಲ್ಲಿ ಬಹುಪಾಲು ಜನ ವರ್ಷಾನುಗಟ್ಟಲೆ ಬದುಕುತ್ತಾರೆಂಬುದನ್ನು ಕ್ಯಾನ್ಸರ್ ಎಂದೊಡನೆ ಕೈಚೆಲ್ಲುವ ಕುಟುಂಬಗಳಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಆದರೆ ಇದು ಪದೇ ಪದೇ ಮರುಕಳಿಸುವ ರೋಗ. ಆದ್ದರಿಂದ ಅಪಾಯ ಹೆಚ್ಚಿರುವವರು ಮೊದಲ 2 ವರ್ಷ 3 ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ (ದುರ್ಬೀನಿನಿಂದ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕು, ಆಮೇಲೂ ನಿಗಾ ಬಿಡುವಂತಿಲ್ಲ. ತಪ್ಪಿಹೋಗುವುದು ಇಲ್ಲೇ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಕೂಲಿಕಾರರೊಬ್ಬರು ಜೊತೆಗೊಬ್ಬರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಇಬ್ಬರ ದಿನಗೂಲಿಯೂ ಹೋಗುತ್ತದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ ನಿಜ, ಆದರೆ ಹೋದ ಕೂಲಿಯನ್ನು ತುಂಬಿಕೊಡುವವರಿಲ್ಲ. ರಕ್ತ ನಿಂತಿದೆ, ಹುಷಾರಾಗಿದೆ ಎಂದುಕೊಂಡು ಸುಮ್ಮನಾದವರಲ್ಲಿ ಗೆಡ್ಡೆ ಸ್ನಾಯುವಿಗೆ ಇಳಿದರೆ, ಕಿಮೊಥೆರಪಿ ಕೊಟ್ಟು ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡಿನಿಂದ ಮೂತ್ರಕ್ಕೆ ಬೇರೆ ದಾರಿ ಮಾಡಬೇಕಾಗುತ್ತದೆ. ಕೆಲವರಿಗಷ್ಟೇ ವಿಕಿರಣ ಮತ್ತು ಕಿಮೊ ಸೇರಿಸಿ ಮೂತ್ರಕೋಶ ಉಳಿಸಲು ಸಾಧ್ಯ. ದೂರದ ಅಂಗಗಳಿಗೆ ಹರಡಿದ ಮೇಲೆ 5 ವರ್ಷ ಬದುಕುವವರು, ಅಮೆರಿಕದ ಅಂಕಿಅಂಶಗಳಂತೆ, ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಆದ್ದರಿಂದ ಆರೋಗ್ಯ ಇಲಾಖೆಯು ತಿಂಗಳಲ್ಲಿ ಒಂದು ದಿನವನ್ನಾದರೂ ನಿಗದಿಪಡಿಸಿ, ಮೂತ್ರರೋಗ ತಜ್ಞರನ್ನು ಕರೆಸಿ, ಮರುತಪಾಸಣೆ ಮತ್ತು ಬಿಸಿಜಿ ಎರಡೂ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲೇ ದೊರೆಯುವಂತೆ ಮಾಡಬೇಕು. ಕ್ಷಯರೋಗಿಗಳು ಮಾತ್ರೆ ಬಿಡದಂತೆ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ವಿಚಾರಿಸುವ ವ್ಯವಸ್ಥೆ ಈಗಾಗಲೇ ಇರುವುದರಿಂದ, ತಪಾಸಣೆಯ ದಿನ ತಪ್ಪಿಸಿದ ಈ ರೋಗಿಗಳ ಹೆಸರನ್ನೂ ಅವರಿಗೆ ಕೊಟ್ಟು, ಹೆಚ್ಚುವರಿ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ನೀಡಬೇಕೆಂದು ವಿನಂತಿಸುತ್ತೇನೆ.

– ಓದುಗ, ಮುಳಬಾಗಿಲು, ಕೋಲಾರ ಜಿಲ್ಲೆ