ಮಗಳಿಗೊಂದು ಪತ್ರ: ಆ 0.07ರ ಹಿಂದೆ ಯಾರಿದ್ದಾರೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ಅಮ್ಮಾ, ಸೆಮಿನಾರಿಗೆ ಕೊಟ್ಟಿರೋ ಸ್ತನ ಕ್ಯಾನ್ಸರಿನ ರಿಸರ್ಚ್ ಪೇಪರ್ ವೇಸ್ಟು. 20 ವರ್ಷ ಕೆಲಸ ಮಾಡಿದ್ದಾರೆ, ಕೊನೆಗೆ ಪಿ ವ್ಯಾಲ್ಯೂ 0.07, ಅದು 0.05ಕ್ಕಿಂತ ಕಡಿಮೆ ಬರಬೇಕಿತ್ತು. ಏನೂ ಸಿಗಲಿಲ್ಲ ಅವರಿಗೆ" ಅಂದೆ. ಅಷ್ಟರಲ್ಲಿ ಮೆಸ್ಸಿಗೆ ಹೊತ್ತಾಯಿತು ಅಂತ ಇಟ್ಟುಬಿಟ್ಟೆ. ನನಗೆ ಹೇಳೋದು ಬಹಳ ಇತ್ತು. ನಿನಗೆ ಸ್ಟ್ಯಾಟಿಸ್ಟಿಕ್ಸ್ ಅಂದರೆ ಪರೀಕ್ಷೆ ಪಾಸಾಗಲು ಇರುವ ಒಂದು ಪೇಪರು ಅಂತ ಅನ್ನಿಸುತ್ತಿದೆ, ಅದು ಗೊತ್ತು. ಆದರೆ ನೀನು ಓದುತ್ತಿರುವುದು ನರ್ಸಿಂಗ್. ನಾಳೆ ಯಾವುದೋ ಕ್ಯಾಂಪಿನಲ್ಲಿ ಒಬ್ಬ ಹೆಂಗಸು ರಿಪೋರ್ಟ್ ಹಿಡಿದು ನಿನ್ನ ಮುಂದೆ ನಿಲ್ಲುತ್ತಾಳೆ, ಇದರ ಅರ್ಥ ಏನಮ್ಮಾ ಅಂತ ಕೇಳುತ್ತಾಳೆ. ಅವಳಿಗೆ ನೀನು ಏನು ಹೇಳುತ್ತೀಯ ಅನ್ನುವುದು ಈ ವಿಷಯದ ಮೇಲೇ ನಿಂತಿದೆ.

ಮೊದಲು ಆ ಪೇಪರನ್ನೇ ತೆಗೆದುಕೊಳ್ಳೋಣ. ಅದು ನಮ್ಮೂರಿನದು ಕಣೇ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಕೆಲಸ. ಮುಂಬೈಯ 20 ಪ್ರದೇಶಗಳು, 35ರಿಂದ 64 ವಯಸ್ಸಿನ 1,51,538 ಹೆಂಗಸರು. ಅರ್ಧ ಪ್ರದೇಶಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬಂದು ಸ್ತನಗಳನ್ನು ಕೈಯಿಂದ ಪರೀಕ್ಷೆ ಮಾಡಿದರು. ಮ್ಯಾಮೋಗ್ರಾಮ್ ಇಲ್ಲ, ದೊಡ್ಡ ಮೆಷಿನ್ ಇಲ್ಲ, ಬರೀ ಕಲಿತ ಕೈ. ಇನ್ನರ್ಧ ಕಂಟ್ರೋಲ್ ಗುಂಪು, ಅಂದರೆ ಕೈ ಪರೀಕ್ಷೆ ಮಾಡದೆ ಹೋಲಿಸಿ ನೋಡಲು ಇಟ್ಟವರು. ಅವರಿಗೆ ಒಂದು ಸಲ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಕೊಟ್ಟು, ಆಮೇಲೆ ಎರಡು ವರ್ಷಕ್ಕೊಮ್ಮೆ ಹೋಗಿ ವಿಚಾರಿಸಿಕೊಂಡು ಬಂದರು. 2021ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮನೆ ಬದಲಾಯಿಸುವವರು, ಊರಿಗೆ ಹೊರಟು ಹೋಗುವವರು, ಹೆಸರೇ ಬದಲಾಗುವವರು ತುಂಬಿರುವ ಈ ಊರಿನಲ್ಲಿ ಇಷ್ಟು ಹೆಂಗಸರ ಲೆಕ್ಕವನ್ನು 20 ವರ್ಷ ಇಟ್ಟುಕೊಂಡು ಬರುವುದು ಸಣ್ಣ ಮಾತಲ್ಲ.

ಯಾವ ಪ್ರದೇಶಕ್ಕೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಅದು ಯಾಕೆ ಮುಖ್ಯ ಗೊತ್ತಾ? 1897ರಲ್ಲಿ, ಪ್ಲೇಗ್ ಕಾಲದಲ್ಲಿ, ವಿಜ್ಞಾನಿ ಹಾಫ್‌ಕಿನ್ ಇಲ್ಲಿನ ಬೈಕುಲಾ ಜೈಲಿನಲ್ಲಿ ತಮ್ಮ ಲಸಿಕೆಯನ್ನು ಕೊಟ್ಟು ನೋಡಿದರು. ಮುಂದೆ ಬಂದ ಕೈದಿಗಳಿಗೆ ಲಸಿಕೆ, ಬಾರದವರಿಗೆ ಇಲ್ಲ. ಲಸಿಕೆ ತೆಗೆದುಕೊಂಡವರಲ್ಲಿ ಕಾಯಿಲೆ ಕಡಿಮೆ ಕಂಡಿತು. ಆದರೆ ತಾವಾಗಿ ಮುಂದೆ ಬಂದವರೂ ಹಿಂದೆ ಉಳಿದವರೂ ಎಲ್ಲ ರೀತಿಯಲ್ಲೂ ಒಂದೇ ಥರ ಇದ್ದರಾ? ಈ ಪ್ರಶ್ನೆ ಬಾಯಿಗೆ ಬರದೆ ಯಾವ ಆರೋಗ್ಯದ ಸುದ್ದಿಯನ್ನೂ ಓದಬೇಡ. ವಾಕಿಂಗ್ ಮಾಡುವವರು ಜಾಸ್ತಿ ದಿನ ಬದುಕುತ್ತಾರೆ ಅನ್ನುತ್ತಾರಲ್ಲ, ಅಲ್ಲೂ ಅಷ್ಟೇ. ಕಾಯಿಲೆ ಇದ್ದವರು ವಾಕಿಂಗೇ ಹೋಗುವುದಿಲ್ಲ ಅಲ್ವಾ.

ಈಗ ಫಲಿತಾಂಶ. ಸ್ತನ ಕ್ಯಾನ್ಸರಿನಿಂದ ಆದ ಸಾವು ಶೇಕಡಾ 15 ಕಡಿಮೆ. ನೀನು ಅಲ್ಲೇ ನಿಂತುಬಿಟ್ಟೆ. ಶೇಕಡಾ ಕಂಡ ಕೂಡಲೇ ಅದನ್ನು ತಲೆ ಎಣಿಕೆಗೆ ಇಳಿಸಬೇಕು. ಕಂಟ್ರೋಲ್ ಗುಂಪಿನಲ್ಲಿ ಒಂದು ಲಕ್ಷ ಹೆಂಗಸರನ್ನು ಒಂದು ವರ್ಷ ನೋಡಿದರೆ 24.62 ಸಾವು. ಪರೀಕ್ಷೆ ಆದ ಗುಂಪಿನಲ್ಲಿ 20.82. ಅಂದರೆ ವರ್ಷಕ್ಕೆ ಲಕ್ಷಕ್ಕೆ ಸುಮಾರು ನಾಲ್ಕು ಜೀವ. ಸುಮ್ನೆ ಅಂದಾಜಿಗೆ ಅದನ್ನೇ 20 ವರ್ಷಕ್ಕೆ ಎಳೆದರೆ 1,300 ಹೆಂಗಸರಲ್ಲಿ ಒಬ್ಬರು. ಶೇಕಡಾ 15 ಅಂದಾಗ ಒಂದು ಚಿತ್ರ ಬರುತ್ತದೆ, 1,300ಕ್ಕೆ ಒಬ್ಬರು ಅಂದಾಗ ಬೇರೆಯೇ ಬರುತ್ತದೆ. ಎರಡೂ ಸುಳ್ಳಲ್ಲ. ಆದರೆ ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಕೇಳುವವರಿಗೆ ಅನ್ಯಾಯ.

ಈ ಅನ್ಯಾಯ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಬ್ರಿಟನ್ನಿನ ಕಥೆ ಇದೆ. 1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಅಂತ ಎಚ್ಚರಿಕೆ ಕೊಟ್ಟಿತು. ಪೇಪರು, ಟಿವಿ ಎಲ್ಲ ಕಡೆ ಅದೇ. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ನಿಜವಾದ ಎಣಿಕೆ ಏನಪ್ಪಾ ಅಂದರೆ 7,000 ಜನರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚುವರಿಯಾಗಿ ಆಯಿತು ಅಂತ ಅಂದಾಜು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸರಿ, 0.07ಕ್ಕೆ ಬಾ. ಈ ಕೈ ಪರೀಕ್ಷೆಯಿಂದ ಏನೂ ಪ್ರಯೋಜನ ಇಲ್ಲ ಅಂತಲೇ ಇಟ್ಟುಕೋ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ, ಅಥವಾ ಇದಕ್ಕಿಂತ ದೊಡ್ಡದು, 100ರಲ್ಲಿ ಸುಮಾರು 7 ಸಲ ಕಾಣಿಸಬಹುದು. ಅಷ್ಟೇ ಅದರ ಅರ್ಥ. ಪ್ರಯೋಜನ ಇಲ್ಲದಿರುವ ಸಾಧ್ಯತೆ 7 ಪರ್ಸೆಂಟ್ ಅಂತ ಅಲ್ಲ. ಪ್ರಯೋಜನ ಇಲ್ಲ ಅಂತ ಸಾಬೀತಾಯಿತು ಅಂತಂತೂ ಅಲ್ಲವೇ ಅಲ್ಲ. 0.05 ಅನ್ನುವ ಗೆರೆಯನ್ನು ಯಾವ ದೇವರೂ ಎಳೆದಿಲ್ಲ. 1925ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಂಡಿತ ರೊನಾಲ್ಡ್ ಫಿಶರ್ 20ರಲ್ಲಿ ಒಂದು, ಅಂದರೆ 0.05, ಅನ್ನುವುದನ್ನು ಅನುಕೂಲದ ಗಡಿ ಅಂತ ಬರೆದರು, ಜನ ಅದನ್ನೇ ಹಿಡಿದುಕೊಂಡರು. 2016ರಲ್ಲಿ ಅಮೆರಿಕದ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್, ಒಂದು ಗೆರೆ ದಾಟಿತೋ ಇಲ್ಲವೋ ಅನ್ನುವುದನ್ನು ಮಾತ್ರ ನೋಡಿ ತೀರ್ಮಾನ ಮಾಡಬೇಡಿ ಅಂತ ಹೇಳಿಕೆಯನ್ನೇ ಹೊರಡಿಸಿತು.

ಅದರ ಪಕ್ಕದಲ್ಲೇ ಇನ್ನೊಂದು ಜೋಡಿ ಅಂಕಿ ಇದೆ ನೋಡು, 0.71ರಿಂದ 1.01. ಕಾನ್ಫಿಡೆನ್ಸ್ ಇಂಟರ್‌ವಲ್. ಪರೀಕ್ಷೆ ಆದ ಗುಂಪಿನ ಸಾವಿನ ದರವನ್ನು ಕಂಟ್ರೋಲ್ ಗುಂಪಿನದರಿಂದ ಭಾಗಿಸಿದರೆ ಬರುವ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು ಅದು. ನನ್ನನ್ನು ಕೇಳಿದರೆ ಇದನ್ನೇ ಮೊದಲು ನೋಡಬೇಕು, ಪಿ ವ್ಯಾಲ್ಯೂ ಆಮೇಲೆ. 1 ಅಂದರೆ ಎರಡೂ ಗುಂಪಿನಲ್ಲಿ ಸಾವು ಸಮ. 0.71 ಅಂದರೆ ಶೇಕಡಾ 29 ಕಡಿಮೆ. ಇಲ್ಲಿ ಸಿಕ್ಕ ಮಾಹಿತಿ 29ರಷ್ಟು ಕಡಿಮೆಯಿಂದ ಹಿಡಿದು 1ರಷ್ಟು ಜಾಸ್ತಿಯವರೆಗೆ ಯಾವುದಕ್ಕೂ ಹೊಂದುತ್ತದೆ. ಹೆಚ್ಚಿನ ಭಾಗ ಪ್ರಯೋಜನದ ಕಡೆಗೇ ಇದೆ, ತುದಿ ಮಾತ್ರ 1ನ್ನು ಒಂಚೂರು ದಾಟಿದೆ. ಇದನ್ನು ನೋಡಿ "ಏನೂ ಸಿಗಲಿಲ್ಲ" ಅನ್ನಲು ಬರುತ್ತದಾ? ಇನ್ನೂ ಖಚಿತವಾಗಿಲ್ಲ ಅನ್ನು, ಅದು ಸರಿ. ಒಂದೂವರೆ ಲಕ್ಷ ಜನ ಇದ್ದೂ ಯಾಕೆ ಖಚಿತವಾಗಲಿಲ್ಲ ಅಂತ ಕೇಳಬಹುದು. ಚೀಟಿ ಎತ್ತಿದ್ದು ಒಬ್ಬೊಬ್ಬ ಹೆಂಗಸಿಗೆ ಅಲ್ಲ, 20 ಪ್ರದೇಶಗಳಿಗೆ. ಒಂದೇ ಕಡೆ ಇರುವವರು ಊಟ, ದುಡಿಮೆ, ಆಸ್ಪತ್ರೆ ಎಲ್ಲದರಲ್ಲೂ ಒಬ್ಬರಿಗೊಬ್ಬರು ಹೋಲುತ್ತಾರೆ, ಹಾಗಾಗಿ ಲೆಕ್ಕದ ಬಲ ತಲೆ ಎಣಿಕೆಯಷ್ಟು ಇರುವುದಿಲ್ಲ. ಮತ್ತೆ, ಎಣಿಸುತ್ತಿರುವುದು ಸಾವನ್ನು. ಅದು ಪುಣ್ಯಕ್ಕೆ ಕಡಿಮೆ.

50 ದಾಟಿದವರಲ್ಲಿ ಮಾತ್ರ ಸಾವು ಸುಮಾರು ಶೇಕಡಾ 30 ಕಡಿಮೆಯಾಗಿತ್ತು, ಪಿ ವ್ಯಾಲ್ಯೂ 0.02 ಅಂತ ಅದೇ ಪೇಪರಿನಲ್ಲಿ ಇದೆ. ನಿನ್ನ ಕ್ಲಾಸಿನವರು ಇದನ್ನು ಹಿಡಿದು ಕುಣಿಯಬಹುದು. ಅಲ್ಲಿ ಸ್ವಲ್ಪ ತಡಿ. ಈ ವಿಂಗಡಣೆ ಫಲಿತಾಂಶ ಬಂದ ಮೇಲೆ ಮಾಡಿದ್ದು, ಅದನ್ನು ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. 1988ರಲ್ಲಿ ಐಸಿಸ್-2 ಅಂತ ಒಂದು ದೊಡ್ಡ ಅಧ್ಯಯನ ಬಂತು. ಹಾರ್ಟ್ ಅಟ್ಯಾಕ್ ಆದ 17,187 ಜನ. ಅರ್ಧದಷ್ಟು ಜನರಿಗೆ ಆಸ್ಪಿರಿನ್ ಕೊಟ್ಟರು. ಐದು ವಾರದಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ಆದ ಸಾವು 100ಕ್ಕೆ 11.8ರಿಂದ 9.4ಕ್ಕೆ ಇಳಿಯಿತು. ಗುಂಪು ಗುಂಪಾಗಿ ಒಡೆದು ತೋರಿಸಿ ಅಂತ ಪತ್ರಿಕೆಯವರು ಕೇಳಿದಾಗ ಆ ಸಂಶೋಧಕರು ರಾಶಿ ಪ್ರಕಾರವೂ ಒಡೆದು ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಉಪಯೋಗವೇ ಇಲ್ಲ ಅಂತ ಬಂತು! ಬೇಕಾದಷ್ಟು ಚೂರು ಮಾಡಿದರೆ ಯಾವುದೋ ಒಂದು ಚೂರಿನಲ್ಲಿ ಏನೋ ಒಂದು ಕಂಡೇ ಕಾಣುತ್ತದೆ ಅಂತ ತೋರಿಸುವುದಕ್ಕೇ ಅವರು ಹಾಗೆ ಮಾಡಿದ್ದು. 50ರ ಗೆರೆ ರಾಶಿಯ ಹಾಗಲ್ಲ, ನಿಜ. ವಯಸ್ಸಾದ ಮೇಲೆ ಸ್ತನದ ಅಂಗಾಂಶ ಬದಲಾಗುತ್ತದೆ, ಗಂಟು ಕೈಗೆ ಸಿಗುವುದು ಸುಲಭ ಆಗಬಹುದು, ಕಾಯಿಲೆಯೂ ಆ ವಯಸ್ಸಿನಲ್ಲಿ ಜಾಸ್ತಿ. ನಾನಂತೂ ಇದನ್ನು ನಂಬುವ ಕಡೆಗೇ ವಾಲುತ್ತೇನೆ. ಆದರೂ ಅದು ಮುಂದಿನ ಅಧ್ಯಯನ ಕೇಳಬೇಕಾದ ಪ್ರಶ್ನೆ.

ಇದೇ ಲೆಕ್ಕ ಮನೆಯಲ್ಲೂ ಇದೆ. ಚಿಕ್ಕಪ್ಪ ಯಾವುದೋ ಪ್ಯಾಕೇಜಿನಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿ, ಎರಡು ಕಡೆ ಕೆಂಪು ಅಕ್ಷರ ಬಂದಿದೆ ಅಂತ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದ. ನಾರ್ಮಲ್ ರೇಂಜನ್ನು ಸಾಮಾನ್ಯವಾಗಿ ಹೇಗೆ ಹಾಕುತ್ತಾರೆ ಅಂದರೆ, ಆರೋಗ್ಯವಾಗಿರುವವರಲ್ಲೇ 100ಕ್ಕೆ 95 ಜನ ಅದರೊಳಗೆ ಬರುವ ಹಾಗೆ. ಉಳಿದ ಐವರು ಗಟ್ಟಿಮುಟ್ಟಾಗಿದ್ದರೂ ಹೊರಗೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಹೊರಗೆ ಬೀಳುವ ಸಾಧ್ಯತೆ 100ಕ್ಕೆ 64. ಹಾಗಂತ ರಿಪೋರ್ಟನ್ನು ಕಸಕ್ಕೆ ಹಾಕು ಅಂತಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಆದರೆ ಆ ಒಂದು ರಾತ್ರಿಯ ಭಯ ಬೇಕಾಗಿರಲಿಲ್ಲ. ಅವನ ಪಕ್ಕದಲ್ಲಿ ಕೂತು ಇದನ್ನು ಬಿಡಿಸಿ ಹೇಳುವವರು ಒಬ್ಬರು ಲ್ಯಾಬಿನಲ್ಲಿ ಇರಬೇಕಿತ್ತು.

ಇನ್ನೊಂದು ವಿಷಯ ನಿನ್ನ ಟೀಚರ್ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ, ನಾನು ಹೇಳಲೇಬೇಕು. ನಾನು ಇಷ್ಟು ವರ್ಷ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೂತವಳು, ಅಂಕಿ ಹುಟ್ಟುವ ಜಾಗ ಕಣ್ಣಾರೆ ನೋಡಿದವಳು. ಆಸ್ಪತ್ರೆಯಲ್ಲಿ ಒಬ್ಬರು ತೀರಿಕೊಂಡರೆ ಡಾಕ್ಟರು ಫಾರ್ಮ್ 4 ತುಂಬಬೇಕು. ಅದರಲ್ಲಿ ಎ, ಬಿ, ಸಿ ಅಂತ ಸಾಲುಗಳಿರುತ್ತವೆ. ಮೇಲಿನದು ತಕ್ಷಣದ ಕಾರಣ, ಕೆಳಕ್ಕೆ ಇಳಿಯುತ್ತ ಅದರ ಹಿಂದಿನ ಕಾರಣ, ಎಲ್ಲಕ್ಕಿಂತ ಕೆಳಗೆ ಮೂಲ ಕಾಯಿಲೆ. ಅಂಕಿ ಅಂಶಕ್ಕೆ ಬೇಕಾದದ್ದು ಆ ಕೊನೆಯದು. ನಡುರಾತ್ರಿ, ಎರಡು ದಿನದಿಂದ ಮಲಗದ ರೆಸಿಡೆಂಟ್ ಡಾಕ್ಟರ್, ಹೊರಗೆ ಬೆಂಚಿನ ಮೇಲೆ ಬಿಹಾರದಿಂದ ಬಂದ ಗಂಡ, ಬೆಳಗಿನ ಗಾಡಿಗೆ ಹೆಣ ಊರಿಗೆ ಸಾಗಿಸಬೇಕು, ಕಾಗದ ಬೇಗ ಬೇಕು. ಮೊದಲ ಸಾಲಿನಲ್ಲಿ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಅಂತ ಬರೆದು ಸಹಿ ಹಾಕಿದರೆ ಮುಗಿಯಿತು, ಬಿ ಮತ್ತು ಸಿ ಖಾಲಿ. ಹೃದಯ, ಉಸಿರು ನಿಲ್ಲದೆ ಯಾರು ಸಾಯುತ್ತಾರೆ ಹೇಳು? ಆ ತಾಯಿಗೆ ಕ್ಯಾನ್ಸರ್ ಇತ್ತು ಅನ್ನುವುದು ಕೇಸ್ ಪೇಪರಿನಲ್ಲಿ ಉಳಿಯಿತು, ಲೆಕ್ಕಕ್ಕೆ ಬರಲಿಲ್ಲ. ಅಂಥ ಫಾರ್ಮ್ ಬಂದಾಗ ನಾನು ವಾರ್ಡಿಗೆ ವಾಪಸ್ ಕಳಿಸುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ, ಮತ್ತೆ ಕಳಿಸುತ್ತಿದ್ದೆ.

ವಿಳಾಸದ ಕಥೆಯೂ ಹಾಗೇ. ಪರೇಲಿನ ಧರ್ಮಶಾಲೆಯದು ಬರೆಯಬೇಕಾ, ದರ್ಭಂಗಾದ ಹಳ್ಳಿಯದಾ? ದೂರದ ಊರುಗಳಿಂದ ಚಿಕಿತ್ಸೆಗೆ ಬಂದವರನ್ನೆಲ್ಲ ಮುಂಬೈಯವರು ಅಂತ ಸೇರಿಸಿದರೆ ಈ ಊರಿನ ತುಂಬ ಕ್ಯಾನ್ಸರ್ ಅಂತ ಕಾಣುತ್ತದೆ. 1963ರಲ್ಲಿ ಇಲ್ಲಿ ಶುರುವಾದ ಬಾಂಬೆ ಕ್ಯಾನ್ಸರ್ ರಿಜಿಸ್ಟ್ರಿ, ಜನಸಂಖ್ಯೆಯನ್ನು ಆಧರಿಸಿದ ದೇಶದ ಮೊದಲ ರಿಜಿಸ್ಟ್ರಿ, ಇಲ್ಲೇ ವಾಸ ಇರುವವರನ್ನು ಮಾತ್ರ ಎಣಿಸುವುದು ಅದಕ್ಕೇ.

ನಿನ್ನ ಪೇಪರಿಗೇ ವಾಪಸ್ ಬಂದರೆ, ಅವರು ಯಾಕೆ ಸಾವನ್ನೇ ಎಣಿಸಿದರು, ಪತ್ತೆಯಾದ ಮೇಲೆ ಎಷ್ಟು ವರ್ಷ ಬದುಕಿದರು ಅಂತ ಯಾಕೆ ಲೆಕ್ಕ ಹಾಕಲಿಲ್ಲ ಅನ್ನುವುದನ್ನು ಯೋಚನೆ ಮಾಡು. ಪರೀಕ್ಷೆ ಆದ ಗುಂಪಿನಲ್ಲಿ ಕಾಯಿಲೆ ಸರಾಸರಿ 55.18ನೇ ವಯಸ್ಸಿಗೆ ಪತ್ತೆಯಾಯಿತು, ಇನ್ನೊಂದರಲ್ಲಿ 56.50ಕ್ಕೆ. ಇಬ್ಬರು ಹೆಂಗಸರು ಒಂದೇ ದಿನ ತೀರಿಕೊಂಡರೂ ಮೊದಲೇ ಪತ್ತೆಯಾದವಳು "ಜಾಸ್ತಿ ವರ್ಷ ಬದುಕಿದಳು" ಅಂತ ಲೆಕ್ಕ ಬರುತ್ತದೆ. ಆಯುಷ್ಯ ಒಂದು ದಿನವೂ ಹೆಚ್ಚಿಲ್ಲ, ಗೊತ್ತಾದ ದಿನ ಹಿಂದಕ್ಕೆ ಸರಿದಿದೆ ಅಷ್ಟೇ. ಆಸ್ಪತ್ರೆಗಳ ಜಾಹೀರಾತಿನಲ್ಲಿ ಐದು ವರ್ಷ ಬದುಕಿದವರ ಶೇಕಡಾವಾರು ನೋಡಿದಾಗ ಇದು ನೆನಪಿರಲಿ. ಆದರೆ ಈ ಅಧ್ಯಯನದಲ್ಲಿ ಮೂರು, ನಾಲ್ಕನೇ ಹಂತದಲ್ಲಿ, ಅಂದರೆ ಕಾಯಿಲೆ ಬಹಳ ಮುಂದುವರಿದ ಮೇಲೆ, ಪತ್ತೆಯಾದವರು ಶೇಕಡಾ 47 ಇದ್ದದ್ದು 37ಕ್ಕೆ ಇಳಿದಿತ್ತು, ಅದು ನಿನ್ನ ಕಣ್ಣಿಗೆ ಬಿದ್ದಿತಾ?

ಹಾಗಾಗಿ ಸ್ಲೈಡಿನಲ್ಲಿ "ವಿಫಲ" ಅಂತ ಬರೆಯಬೇಡ ಪುಟ್ಟಿ. 24.62, 20.82 ಎರಡನ್ನೂ ಪಕ್ಕಪಕ್ಕ ಹಾಕು, ಕೆಳಗೆ 0.71ರಿಂದ 1.01 ಅಂತ ಒಂದು ಗೆರೆ ಎಳೆದು ತೋರಿಸು, ಮಾತಾಡುವುದನ್ನು ಅಲ್ಲಿಂದ ಶುರು ಮಾಡು. ಜೊತೆಗೆ ಟಾಟಾದವರದೇ 2014ರ ಪೇಪರನ್ನೂ ತೆಗೆ. ಅದೇ ಅಧ್ಯಯನದ ಇನ್ನೊಂದು ಭಾಗ ಅದು. ಕಾರ್ಯಕರ್ತೆಯರು ವಿನೆಗರ್‌ನ ಆಮ್ಲ ಹಚ್ಚಿ ಗರ್ಭಕೊರಳು ನೋಡುವ ಪರೀಕ್ಷೆ ಮಾಡಿದರು, ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡಾ 31 ಇಳಿಯಿತು, ಇಂಟರ್‌ವಲ್ 0.54ರಿಂದ 0.88. ಅಲ್ಲಿ 1ರ ಹತ್ತಿರಕ್ಕೂ ಹೋಗಿಲ್ಲ. ಒಂದೇ ಊರು, ಅಂಥದೇ ಕಾರ್ಯಕರ್ತೆಯರು, ಒಂದು ಇಷ್ಟು ಸ್ಪಷ್ಟ, ಇನ್ನೊಂದು ಯಾಕೆ ಮಸುಕು ಅಂತ ನಿನ್ನ ಕ್ಲಾಸನ್ನು ಕೇಳು. ಅವರು ಏನು ಉತ್ತರ ಕೊಟ್ಟರು ಅಂತ ನನಗೆ ಬರೆ. ಅಥವಾ ಶನಿವಾರ ಡೊಂಬಿವ್ಲಿಗೆ ಬಂದುಬಿಡು, ಸ್ಲೈಡುಗಳನ್ನು ಕೂತು ನೋಡೋಣ. ಬರುವಾಗ ಪ್ರಿಂಟ್ ತೆಗೆಸಿಕೊಂಡು ಬಾ, ಫೋನಿನಲ್ಲಿ ಆ ಟೇಬಲ್ಲುಗಳ ಅಕ್ಷರ ನನಗೆ ಕಾಣುವುದಿಲ್ಲ.

ಇತಿ,
ಅಮ್ಮ