ಇಸಿಜಿ ಕಾಗದದ ಮೇಲೆ ಪೆನ್ನಿನ ಗುರುತು ಹಾಕಿದವರಿಗೆ

2020ರ ಮಾರ್ಚ್ ಕೊನೆಗೆ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಮಂಗಳೂರಿನ ಆಸ್ಪತ್ರೆಗಳು ಕೈಗೆಟುಕದಾದವು. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಏಪ್ರಿಲ್‌ನಲ್ಲಿ ಅವಸರದಿಂದ ಬಾಗಿಲು ತೆರೆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು, ಇವೇ ನಮ್ಮ ಊರುಗಳಿಗೆ ಆಸರೆಯಾದವು. ತಿರುವನಂತಪುರದಿಂದ ಬಂದು ದುಡಿದ ವೈದ್ಯರನ್ನೂ ಇಲ್ಲಿಯವರು ಮರೆತಿಲ್ಲ. ಆದರೆ ಆ ಕಾಲದ ಒಂದು ಕೆಲಸಕ್ಕೆ ಇನ್ನೂ ಸರಿಯಾಗಿ ವಂದನೆ ಸಂದಿಲ್ಲ. ಜ್ವರಕ್ಕೆ ಕೊಟ್ಟ ಮದ್ದೇ ಹೃದಯಕ್ಕೆ ಮುಳುವಾಗದಂತೆ ಕಾದವರಿಗೆ ಈ ಬರಹ.

ಆಗ ಬಳಕೆಯಲ್ಲಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಿತ್ರೋಮೈಸಿನ್, ಲೋಪಿನಾವಿರ್-ರಿಟೊನಾವಿರ್ ಎಲ್ಲದಕ್ಕೂ ಒಂದು ಸಮಾನ ಗುಣವಿದೆ. ಪ್ರತಿ ಬಡಿತದ ಬಳಿಕ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಬಿದ್ದರೆ ಮಾತ್ರ ಅವು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಆ ದಾರಿಗೆ ಈ ಮದ್ದುಗಳು ಅಡ್ಡ ಬರುತ್ತವೆ. ಹೃದಯ ಬಡಿದು ಮತ್ತೆ ಅಣಿಯಾಗಲು ಹಿಡಿಯುವ ಹೊತ್ತನ್ನು ಇಸಿಜಿಯಲ್ಲಿ ತೋರಿಸುವ ಕ್ಯೂಟಿ ಅಂತರ ಹಿಗ್ಗುತ್ತದೆ. ನಾಡಿಗೆ ಹೊಂದಿಸಿದ ಲೆಕ್ಕ 500 ಮಿಲಿಸೆಕೆಂಡ್ ದಾಟಿದರೆ, ಅಥವಾ ಮೊದಲಿಗಿಂತ 60 ಹೆಚ್ಚಿದರೆ, ಟೊರ್ಸಾಡ್ ಎಂಬ ಅಪಾಯದ ಬಡಿತ ಶುರುವಾಗಬಹುದು.

ಪಿಪಿಇ ಕಿಟ್ಟಿನೊಳಗೆ ಬೆವರುತ್ತ, ಮಂಜು ಹಿಡಿದ ಕನ್ನಡಕದಲ್ಲಿ ಆ ಸಣ್ಣ ಚೌಕಗಳನ್ನು ಎಣಿಸಿದ ಟೆಕ್ನಿಷಿಯನ್ನರೇ, ನರ್ಸುಗಳೇ, ಮೊದಲ ವಂದನೆ ನಿಮಗೆ. ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದದಲ್ಲಿ ಒಂದು ಚೌಕವೆಂದರೆ 40 ಮಿಲಿಸೆಕೆಂಡ್. ಮೆಷಿನ್ ಮುದ್ರಿಸಿದ ಸಂಖ್ಯೆಯನ್ನೇ ನಂಬಿದರೆ ಜ್ವರದ ರೋಗಿಯಲ್ಲಿ ಲೆಕ್ಕ ತಪ್ಪಬಹುದು. ನಾಡಿ 100 ಇದ್ದು ಕ್ಯೂಟಿ ಒಂಬತ್ತು ಚೌಕ, ಅಂದರೆ 360 ಇದೆಯೆನ್ನಿ. ಅದನ್ನು ನಾಡಿಗೆ ಹೊಂದಿಸಲು ಎರಡು ಸೂತ್ರಗಳಿವೆ: ಬ್ಯಾಜೆಟ್ (Bazett) ಸೂತ್ರದಲ್ಲಿ ಅದು 465 ಆಗುತ್ತದೆ, ಫ್ರಿಡೆರಿಷಿಯಾ ಸೂತ್ರದಲ್ಲಿ 427. ಕಾಗದ ಒಂದೇ, ಆದರೆ ಒಂದು ಲೆಕ್ಕದಲ್ಲಿ ಅಂಕಿ 500ರತ್ತ ಸರಿದಂತೆ ಕಂಡು ಗಾಬರಿ, ಇನ್ನೊಂದರಲ್ಲಿ ನೆಮ್ಮದಿ. ನಾಡಿ ಜೋರಾದಾಗ ಬ್ಯಾಜೆಟ್ ಸೂತ್ರ ಹೆಚ್ಚು ತೋರಿಸುತ್ತದೆಂದು ಅರಿತು, ಕ್ಯೂಟಿಯ ಕೊನೆಯಾದ ಟಿ ಅಲೆ ಮುಗಿಯುವಲ್ಲಿ ಪೆನ್ನಿನಿಂದ ಗೆರೆ ಎಳೆದು ಮತ್ತೆ ಅಳೆದವರ ತಾಳ್ಮೆ ದೊಡ್ಡದು.

ಬೇಧಿ, ವಾಂತಿ, ಊಟ ಸೇರದಿರುವುದು, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಇಂಜೆಕ್ಷನ್: ಇವೆಲ್ಲ ಪೊಟ್ಯಾಸಿಯಂ ಇಳಿಸಿ ಅಪಾಯವನ್ನು ಹೆಚ್ಚಿಸುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 4 ಮಿಲಿಮೋಲ್‌ಗಿಂತ, ಮೆಗ್ನೀಸಿಯಂ ಡೆಸಿಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯದಂತೆ ನೋಡಿಕೊಂಡವರಿಗೆ, ಪೊಟ್ಯಾಸಿಯಂ ಡ್ರಿಪ್ಪನ್ನು ಗಂಟೆಗೆ 10 ಮಿಲಿಮೋಲ್‌ಗಿಂತ ವೇಗವಾಗಿ ಬಿಡದವರಿಗೆ, ಟೊರ್ಸಾಡ್ ಬಂದರೆ ಬೇಕಾದೀತೆಂದು 2 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು ಟ್ರೇಯಲ್ಲಿ ಸಿದ್ಧವಿಟ್ಟವರಿಗೆ ನಮಸ್ಕಾರ. ಕಿಡ್ನಿ ತೊಂದರೆಯಿದ್ದವರ ಮನೆಯವರಿಗೆ, ಪೊಟ್ಯಾಸಿಯಂ ಹೆಚ್ಚಿರುವ ಬೊಂಡದ ನೀರು ಬೇಡವೆಂದು ಮೆತ್ತಗೆ ತಿಳಿಹೇಳಿದವರಿಗೂ.

ವೈರಸ್ ವಿರುದ್ಧದ ರೆಮ್‌ಡೆಸಿವಿರ್ ಇಂಜೆಕ್ಷನ್ ಬಂದಾಗ ಚಿಂತೆ ಬೇರೆಯಾಯಿತು. ಕೆಲವರಲ್ಲಿ ನಾಡಿ 50ಕ್ಕಿಂತ ಕೆಳಗಿಳಿಯುತ್ತದೆ, ಮದ್ದು ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಲೆ ತಿರುಗುತ್ತದೋ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೋ ಎಂದು ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೇಳಿ ಬರೆದಿಟ್ಟ ಸಿಸ್ಟರ್‌ಗಳ ಋಣ ಸಣ್ಣದಲ್ಲ.

ಆಶಾ ಕಾರ್ಯಕರ್ತೆಯರಿಗೆ ವಿಶೇಷ ಕೃತಜ್ಞತೆ. ಆಸ್ಪತ್ರೆಗೆ ಹೊರಡುವಾಗ ಮನೆಯ ಮಾತ್ರೆ ಡಬ್ಬಿಯನ್ನೂ ಹಿಡಿದುಕೊಳ್ಳಿ ಎಂದದ್ದು ನೀವು. "ಗ್ಯಾಸಿನ ಮಾತ್ರೆ" ಎಂದು ಅಜ್ಜ ನುಂಗುವುದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವುದು ಸಾಮಾನ್ಯ, ಅದೂ ಕ್ಯೂಟಿ ಹಿಗ್ಗಿಸುವ ಮದ್ದು. ರಿಟೊನಾವಿರ್ ಜೊತೆ ಕೊಲೆಸ್ಟರಾಲಿನ ಮಾತ್ರೆ ಸಿಮ್ವಾಸ್ಟಾಟಿನ್ ಸೇರಿದರೆ ಸ್ನಾಯುಗಳೇ ಕರಗಬಹುದು, ಬಿಪಿ ಮಾತ್ರೆ ಅಮ್ಲೋಡಿಪಿನ್ ಸೇರಿದರೆ ರಕ್ತದೊತ್ತಡ ಕುಸಿಯಬಹುದು. ಚೀಟಿಯಲ್ಲಿ ಬರೆಯದ ಇಂಥ ಸಂಗತಿಗಳು ಆ ಡಬ್ಬಿಯಲ್ಲಿ ಸಿಗುತ್ತವೆ.

2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ಆಸ್ಪತ್ರೆ ಸೇರಿದ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ ಎಂದು ತಿಳಿಸಿತು. ನಿಲ್ಲಿಸಿದ ಮೇಲೂ ಅದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಮನೆಗೆ ಮರಳಿದವರು ಕೆಮ್ಮಿಗೆ ಅಜಿತ್ರೋಮೈಸಿನ್ ಕೇಳಿ ಬಂದಾಗ, "ಕಳೆದ ತಿಂಗಳು ಯಾವ ಮಾತ್ರೆ ತಕೊಂಡಿದ್ರಿ?" ಎಂದು ವಿಚಾರಿಸಿ, ವೈದ್ಯರಿಗೆ ಫೋನ್ ಮಾಡಿ, ಆಮೇಲಷ್ಟೇ ಸ್ಟ್ರಿಪ್ಪಿಗೆ ಕೈಹಾಕಿದ ಮೆಡಿಕಲ್ ಶಾಪಿನವರೇ, ನಿಮಗೂ ಮನಸಾರೆ ವಂದನೆ.